ಹುಲ್ಲಿನ ಗೀರು

ಹಲೋ... ಹಾಂ, ಯಾರ್ರಿ ಮಾತಾಡೋದು?... ಹೌದ್ರಿ, ಕರೆಮ್ಮನೇ. ಶಹಾಪುರದಾಗ, ಅಲ್ಲಾಬಕ್ಷ ಚಾಚಾನ ವಾಶಿಂಗ್ ಶೆಡ್ಡಿನ್ಯಾಗ ಇದೀನಿ. ನೀವ್ಯಾರು?...

ಹುಲಗಪ್ಪ ಮಾಮಾ? ಮತ್ತ ಇದು ಯಾರ ನಂಬರು?... ಓಹೋ. ನಿಮ್ಮ ನಂಬರ್‌ಲಿಂದ ಹಚ್ಚಿದ್ರ ಎತ್ತಲ್ಲ ಅಂತ ಬಾಜೂ ಮನಿಯವರ ಫೋನ್ ಇಸ್ಕೊಂಡೀರಿ. ಬೆಳಗ್ಗಿಲಿಂದ ಎಂಟು ಸಲ ಹಚ್ಚೀರಿ. ಎಂಟು ಸಲಾನೂ ನೋಡೀನಿ. ಬೇಕಂತನೇ ಎತ್ತಿಲ್ಲ.

... ಸಿಟ್ಟಿಲ್ಲ ಅಂತ ಹ್ಯಾಂಗ ಹೇಳ್ಲಿ? ಸಿಟ್ಟದ. ಅಕ್ಕನ ಗಂಡ ಅಂತ ನಿನ್ನಿತನಕ ಸುಮ್ಮನಿದ್ದೆ, ಇನ್ನ ಇರಲ್ಲ. ನಿಮಗ ಡ್ರೈವರ್ ಕೆಲಸ ಕೊಟ್ಟ ಡಾಕ್ಟರಮ್ಮಗ ಏನಂತ ಹೇಳೀರಿ ನೀವು? ಅವ್ರ ಹೊಸಾ ಗಾಡಿ ಗೀರು ಮಾಡಿದ್ದು ಆ ಶೆಡ್ಡಿನ್ಯಾಗ ಕಲಿಯೋ ಹುಡುಗಿ ಅಂತ ಹೇಳೀರಿ. ಹೇಳೀರೋ ಇಲ್ಲೋ?

... ಹಾಂ. ಹೇಳೀರಿ. ಅದನ್ನ ನಿಮ್ಮ ಬಾಯಿಲಿಂದ ಕೇಳಬೇಕಿತ್ತು ನಂಗ.

... ಗಾಡಿ ಇಲ್ಲೇ ಅದ, ನನ್ನ ಎದುರಿಗೇ ನಿಂತದ. ದವಾಖಾನಿ ಕಂಪೌಂಡರ್ ಬೆಳಗ್ಗಿ ಸುರಪುರಲಿಂದ ತಂದು ಬಿಟ್ಟು ಹೋಗ್ಯಾನ. ಪೇಶಂಟ್ ನೋಡೋದು ಮುಗಿಸಿ ಡಾಕ್ಟರಮ್ಮನೂ ಬರ್ತಾರಂತ. ಬಂದು ನನ್ನ ಮುಖ ನೋಡಿ ಕೇಳ್ತಾರಂತ. ಚಾಚಾ ನಂಗ ಒಂದ ಮಾತು ಹೇಳ್ಯಾರ: ಗೀರು ನಿಂದಾದ್ರ ಇವತ್ತೇ ಮನಿಗಿ ಹೋಗು, ನಿಂದಲ್ಲಂದ್ರ ನಿಂತು ಹೇಳು. ಅಷ್ಟೇ. ತಿಳೀತಾ ಈಗ, ನಿಮ್ಮ ಒಂದು ಸುಳ್ಳಿಗಿ ನಂದೇನು ಹೋಗ್ತದ ಅಂತ?

... ಒಪ್ಕೋಬೇಕಾ? ನಾನಾ?

... ಕಲಿಯೋರ ಕೈಲಿಂದ ತಪ್ಪಾಗ್ತದ, ಯಾರೂ ಏನೂ ಅನ್ನಲ್ಲ, ಅಂತೀರಿ. ಮಾಮಾ, ನಾ ಗಂಡಸಾಗಿದ್ರ ಯಾರೂ ಏನೂ ಅಂತಿರ್ಲಿಲ್ಲ. ಹೆಣ್ಮಗಳು ಗಾಡಿ ತೊಳಿಯಾಕ ಹೋಗ್ಯಾಳ ಅಂತ ಮೊದಲೇ ಓಣಿ ಮಂದಿ ನಗಾಕತ್ತದ. ಈಗ ಹೊಸಾ ಗಾಡಿ ಕೆಡಿಸ್ಯಾಳ ಅಂತ ಸುದ್ದಿಯಾದ್ರ ಮುಗೀತು. ಶಹಾಪುರದಾಗ ಇಲ್ಲ, ಸುರಪುರದಾಗ ಇಲ್ಲ, ಯಾದಗಿರಿತನಕ ಯಾರೂ ನನ್ನ ಕೈಯಾಗ ಒಂದು ಗಾಡಿ ಕೊಡಲ್ಲ. ನಿಮಗ ಅದು ಎರಡು ದಿನದ ಮಾತು. ನಂಗ ಜಿಂದಗಿ.

... ನಾಕು ತಿಂಗಳಾಗ ಅಂಥಾದ್ದೇನು ಕಲ್ತಿ ಅಂತ ಕೇಳಾಕತ್ತೀರಾ? ಒರಸೋದು, ತೊಳಿಯೋದು, ಅಷ್ಟೇನಾ? ಕೇಳ್ರಿ ಹಂಗಾರ. ಮೊದಲನೇ ತಿಂಗಳು ಚಾಚಾ ನಂಗ ಗಾಡಿ ಮುಟ್ಟಾಕ ಬಿಟ್ಟಿಲ್ಲ. ಬರೇ ಬಟ್ಟಿ ಒಗಿಯೋ ಕೆಲಸ. ನೆಲಕ್ಕ ಬಿದ್ದ ಬಟ್ಟಿ ಮತ್ತ ಗಾಡಿಗಿ ಹಚ್ಚಂಗಿಲ್ಲ, ಒಂದ ಹರಳು ಉಸುಕು ಸಾಕು. ಎರಡು ಬಕೀಟು ಇಡಬೇಕು, ಒಂದ್ರಾಗ ಸಾಬೂನು ನೀರು, ಇನ್ನೊಂದ್ರಾಗ ಬರೇ ನೀರು. ಒಂದು ಸಲ ಎಳದ ಕೂಡ್ಲೇ ಬಟ್ಟಿ ಬರೇ ನೀರಾಗ ಜಾಲಿಸಬೇಕು, ಆಮ್ಯಾಲ ಸಾಬೂನಿಗಿ ಅದ್ದಬೇಕು. ಮ್ಯಾಲಿಂದ ಕೆಳಗ ಬರಬೇಕು, ಯಾಕಂದ್ರ ರಾಡಿ ಇರೋದು ಕೆಳಗ. ಗುಂಡಗ ತಿಕ್ಕಂಗಿಲ್ಲ, ನೆಟ್ಟಗ ಎಳೀಬೇಕು. ಬಿಸಿಲಾಗ ತೊಳಿಯಂಗಿಲ್ಲ. ಭಾಂಡಿ ತಿಕ್ಕೋ ಸಾಬೂನು ಹಚ್ಚಂಗಿಲ್ಲ.

... ಇನ್ನೂ ಮುಗಿದಿಲ್ಲ, ಕೇಳ್ರಿ. ಪಾಲಿಶ್ ಮಶೀನ್ ಹಿಡಿಯಾಕ ಚಾಚಾ ಗುಜರಿಲಿಂದ ಹಳೀ ಗಾಡಿ ಬಾಗಲ ತಂದು ಕೊಟ್ರು. ಅದರ ಅಂಚಿನ್ಯಾಗ ಮಶೀನ್ ಜಾಸ್ತಿ ಹೊತ್ತು ನಿಲ್ಲಿಸಿ ಬಣ್ಣ ಸುಟ್ಟೆ. ಒಳಗಿನ ತಗಡೇ ಕಾಣಾಕತ್ತು. ಬೈದಿಲ್ಲ ಅವ್ರು. ಆ ಬಾಗಲ ಗ್ವಾಡಿಗಿ ತೂಗು ಹಾಕ್ಯಾರ, ದಿನಾ ನೋಡ್ಲಿ ಅಂತ. ದಿನಾ ನೋಡ್ತೀನಿ. ಬಂದವ್ರು ಯಾರ ಕೆಲಸ ಇದು ಅಂತ ಕೇಳಿದ್ರ, ನಂದ್ರಿ ಅಂತ ಹೇಳ್ತೀನಿ. ನಂದಾದ್ರ ನಂದು.

... ಅದಕ್ಕೂ ಇದಕ್ಕೂ ಸಂಬಂಧ ಅದ. ಹೋದ ಸೋಮವಾರ ಈ ಕರಿ ಗಾಡಿ ತೊಳದು ಕೊಟ್ಟವಳು ನಾನೇ. ಕೊಡೋ ಮೊದಲ ಚಾಚಾ ಬಿಸಿಲಾಗ ನಿಲ್ಲಿಸಿ ಸುತ್ತ ತಿರುಗಿ ನೋಡಿದ್ರು. ನೀವೂ ನೋಡಿದ್ರಿ. ಕನ್ನಡಿ ಆಗ್ಯಾದಲ್ಲಬೇ ಅಂತ ಬಾನೆಟ್ಟಿನ್ಯಾಗ ಮೀಸಿ ನೋಡ್ಕೊಂಡ್ರಿ. ನೆನಪದಾ?

... ಆಮ್ಯಾಲ ಎಲ್ಲಿ ಹೋಗಿತ್ತು ಗಾಡಿ?

... ತಿಂಥಣಿಗಿ. ಹಾಂ. ಡಾಕ್ಟರಮ್ಮನ ಗಂಡನ ಅವ್ವಗ ಮೌನೇಶ್ವರನ ದರ್ಶನ ಮಾಡಿಸಾಕ. ಹಾದಿ ಧೂಳೆಲ್ಲ ಗಾಡಿ ಮ್ಯಾಲ ಕುಂತಿತ್ತು. ಮುದುಕಿನ್ನ ಮನಿಗಿ ಬಿಟ್ಟು ನೀವು ಸೀದಾ ಗಾಡಿ ಕಾಲುವಿ ದಂಡಿಗಿ ಇಳಿಸಿದ್ರಿ.

... ಯಾರೂ ಚಾಡಿ ಹೇಳಿಲ್ಲ. ಗಾಡೀನೇ ಹೇಳ್ತು. ವೈಪರ್ ಬುಡಕ್ಕ ಭತ್ತದ ಹುಲ್ಲಿನ ಎಳಿ ಸಿಕ್ಕಾವ. ನಂಬರ್ ಪ್ಲೇಟಿನ ಹಿಂದ ಕಾಲುವಿ ರಾಡಿ ಒಣಗಿ ಕುಂತದ. ನಮ್ಮ ಶೆಡ್ಡಿನ್ಯಾಗ ಬೋರಿನ ನೀರು. ಇಲ್ಲಿ ಹುಲ್ಲೂ ಇಲ್ಲ, ಎತ್ತೂ ಇಲ್ಲ.

... ಹೌದಲ್ಲ? ಹುಲ್ಲಿನ ಮುದ್ದಿ ಮಾಡಿ ತಿಕ್ಕೀರಿ. ಎತ್ತಿನ ಮೈ ತಿಕ್ಕಿದಂಗ. ನಿಮ್ಮಪ್ಪ ಕಾಲುವ್ಯಾಗ ಎತ್ತು ನಿಲ್ಲಿಸಿ ಹಂಗ ತಿಕ್ತಿದ್ರು, ನಾನೂ ನೋಡೀನಿ. ಎತ್ತಿಗಿ ಅದು ಸುಖ, ಕಣ್ಣು ಮುಚ್ಕೊಂಡು ನಿಲ್ತಿತ್ತು. ಗಾಡಿ ಬಣ್ಣಕ್ಕ ಅದು ಕಬ್ಬಿಣ ತಿಕ್ಕೋ ಅರ ಹಿಡಿದಂಗ. ಕಾಲುವಿ ನೀರಾಗ ಉಸುಕದ, ಹುಲ್ಲಿನ ಅಂಚು ಬೆರಳೇ ಕೊಯ್ತದ. ಅದೂ ಕರಿ ಬಣ್ಣ, ಒಂದು ಗೀರೂ ಬಚ್ಚಿಡಲ್ಲ.

... ಗೊತ್ತದ ಮಾಮಾ. ಪ್ರೀತಿಲಿಂದ ಮಾಡೀರಿ, ಗಾಡಿ ಥಳಥಳ ಅನ್ಲಿ ಅಂತ. ಅದಕ್ಕ ನಾ ಬೈಯಲ್ಲ. ಟ್ರ್ಯಾಕ್ಟರು, ಟಂಟಂ, ಎಲ್ಲಾ ಅದೇ ಕಾಲುವಿಗಿ ಇಳೀತಾವ, ಎಲ್ಲಾರ ಕೈಯಾಗೂ ಹುಲ್ಲೇ ಇರ್ತದ. ತಪ್ಪು ಅದಲ್ಲ. ಮರುದಿನ ಬಿಸಿಲಿಗಿ ಬಾನೆಟ್ ತುಂಬ ಗೀರು ಕಂಡ್ವು, ಡಾಕ್ಟರಮ್ಮ ಇದೇನು ಅಂತ ಕೇಳಿದ್ರು, ಆಗ ನಿಮ್ಮ ಬಾಯಾಗ ನನ್ನ ಹೆಸರು ಬಂತಲ್ಲ, ಅದು ತಪ್ಪು.

... ಕೆಲಸ ಹೋಗ್ತದಂತ ಹೆದರೀರಿ. ನಂದು ಹೋದ್ರ? ನಂದು ಕೆಲಸ ಅಲ್ಲಾ?

... ಯಾರು? ಅಕ್ಕಗ ಕೊಡ್ತೀರಾ? ಬ್ಯಾಡ್ರಿ, ಅಕ್ಕನ್ನ ನಡುವ ತರಬ್ಯಾಡ್ರಿ, ಮಾಮಾ...

ಅಕ್ಕಾ... ಅಕ್ಕಾ, ಅಳಬ್ಯಾಡ. ಹಾಂ... ಹಾಂ, ಕೇಳಾಕತ್ತೀನಿ, ಹೇಳು...

ಗೊತ್ತದ. ಅವ್ವ ಸತ್ತಮ್ಯಾಲ ನನ್ನ ಸಾಕಿದವಳು ನೀನೇ. ನಿನ್ನ ಮನ್ಯಾಗ ಉಂಡು ದೊಡ್ಡಾಕಿ ಆಗೀನಿ. ಇಲ್ಲೀತನಕ ನೀ ಏನು ಕೇಳಿದ್ರೂ ಇಲ್ಲ ಅಂದಿಲ್ಲ, ಹೌದಲ್ಲ? ಇದಕ್ಕ ಇಲ್ಲ ಅಂತೀನಿ. ನಂಗೂ ಕೆಟ್ಟ ಅನಸ್ತದ ಅಕ್ಕಾ. ಆದ್ರೂ ಇಲ್ಲ.

... ಸೊಕ್ಕು ಅಂತೀಯಾ? ಅನ್ನು. ಸೊಕ್ಕೇ ಇರ್ಲಿ. ಕೈ ಹರಕೊಂಡು ಕಲ್ತ ಕೆಲಸದ ಸೊಕ್ಕು ಇದು, ಯಾರದೂ ಕಸ್ಕೊಂಡಿದ್ದಲ್ಲ. ಮಾಡದ ತಪ್ಪು ಒಪ್ಕೊಂಡು ಮನ್ಯಾಗ ಬಂದು ಕುಂತ್ರ, ಅದೇ ಮುಖ ದಿನಾ ನೋಡಾಕ ನಿನಗ ಆಗ್ತದಾ?

... ಹೋಗ್ಲಿ ಬಿಡು. ಮಾಮಾಗ ಕೊಡು.

... ಮಾಮಾ, ಅಕ್ಕನ್ನ ಅಳಸೋದು ಸಾಕು, ಕೆಲಸದ ಮಾತು ಕೇಳ್ರಿ. ಅವು ಹೋಗೋ ಗೀರು. ಉಗುರು ಆಡಿಸಿ ನೋಡೀನಿ, ಉಗುರು ಎಲ್ಲೂ ತಡಿಯಲ್ಲ. ಅಂದ್ರ ಮ್ಯಾಲಿನ ಪದರಿನ್ಯಾಗ ಅವ, ಬಣ್ಣಕ್ಕ ಇಳಿದಿಲ್ಲ. ಎರಡು ದಿನ ಮೆತ್ತಗ ಪಾಲಿಶ್ ಹಿಡಿದ್ರ ಹೋಗ್ತಾವ. ನಾನ ಹಿಡೀತೀನಿ. ಚಾಚಾ ಹೂಂ ಅಂದಾರ.

... ಗುಟ್ಟಿಲೆ ಅಲ್ಲ. ಡಾಕ್ಟರಮ್ಮಗ ಹೇಳಿ ಮಾಡೋದು. ನೀವ ಹೇಳ್ರಿ: ಹುಲ್ಲಿಲಿಂದ ತಿಕ್ಕೀನ್ರಿ, ಗೊತ್ತಿರ್ಲಿಲ್ಲ, ಆ ಹುಡುಗಿದು ತಪ್ಪಿಲ್ಲ. ಮೂರ ಮಾತು. ಹೇಳುವಾಗ ನಾ ನಿಮ್ಮ ಬಾಜೂ ನಿಲ್ತೀನಿ.

... ಏನು? ಡೀಸೆಲ್ ಒರಸಿ ಮುಚ್ಚು ಅಂತೀರಾ? ಎರಡು ದಿನ ಮಿಂಚ್ತದ, ಮೂರನೇ ದಿನ ಧೂಳು ಅಂಟಿ ಮತ್ತ ಅದೇ ಗೀರು ಕಾಣ್ತದ. ಗೀರು ಮುಚ್ಚೋದು ಈ ಶೆಡ್ಡಿನ್ಯಾಗ ಕಲಿಸಲ್ಲ. ಕಲಿಸಿದ್ರೂ ನಾ ಕಲಿಯಲ್ಲ.

... ನಾಳಿ ಅಲ್ಲ. ಇವತ್ತು. ಡಾಕ್ಟರಮ್ಮ ಬರೋದು ಇವತ್ತು.

... ತಡೀರಿ. ಗೇಟಿನ ಹಂತೇಕ ಆಟೋ ನಿಂತದ. ಅವ್ರೇ. ಫೋನ್ ಇಡಬ್ಯಾಡ್ರಿ, ಇಡಬ್ಯಾಡ್ರಿ ಅಂದ್ನಲ್ಲ...

ನಮಸ್ಕಾರ್ರಿ ಡಾಕ್ಟರಮ್ಮ. ಹೌದ್ರಿ, ಕರೆಮ್ಮ ಅಂದ್ರ ನಾನೇ. ಗೀರಿನ ಮಾತು ಕೇಳಾಕ ಬಂದೀರಿ, ಗೊತ್ತದ್ರಿ. ಒಂದು ನಿಮಿಷ ತಡೀರಿ. ನಿಮ್ಮ ಡ್ರೈವರ್ ಹುಲಗಪ್ಪ ಫೋನಿನ್ಯಾಗ ಇದಾರ. ಅವ್ರು ನಿಮಗೊಂದು ಮಾತು ಹೇಳೋದದ...

ಮಾಮಾ, ಅವ್ರ ಕೈಯಾಗ ಕೊಡಾಕತ್ತೀನಿ. ನಿಮ್ಮ ಬಾಯಿಲೇ ಹೇಳಿದ್ರ ನಿಮ್ಮ ಮರ್ಯಾದಿ ಉಳೀತದ. ನಾ ಹೇಳಿದ್ರ ಉಳಿಯಲ್ಲ. ಬೇಕಾದ್ರ ಕೈ ಮುಗೀತೀನಿ, ಹೇಳಿಬಿಡ್ರಿ...

ತಗೋರ್ರಿ ಅಮ್ಮಾ.

...

ಏನ್ರಿ? ದನೀನೇ ಇಲ್ಲಾ? ಕೊಡ್ರಿ ಇಲ್ಲಿ. ಹಲೋ... ಮಾಮಾ... ಹಲೋ...

ಇಟ್ಟುಬಿಟ್ಟಾರ್ರಿ. ಇಡ್ಲಿ. ನಾನೇ ಹೇಳ್ತೀನಿ. ಈ ಗೀರು ನನ್ನವಲ್ರಿ ಅಮ್ಮಾ. ಹುಲಗಪ್ಪ ಮಾಮಾ ಕಾಲುವ್ಯಾಗ ಹುಲ್ಲು ಹಿಡಿದು ತಿಕ್ಕ್ಯಾರ, ಎತ್ತಿನ ಮೈ ತಿಕ್ಕಿದಂಗ. ಅದಕ್ಕ ಅವ್ರನ್ನ ಕೆಲಸ ಬಿಡಿಸಬ್ಯಾಡ್ರಿ, ಅವ್ರಿಗಿ ಯಾರೂ ಕಲಿಸಿಲ್ಲ. ನಂಗ ಕಲಿಸ್ಯಾರ. ನನ್ನ ಕೈಲಿಂದ ಒಂದು ಗೀರು ಬಿದ್ದ ದಿನ, ನೀವು ಇಲ್ಲೀತನಕ ಬರೋದು ಬ್ಯಾಡ್ರಿ, ನಾನೇ ನಿಮ್ಮ ದವಾಖಾನಿಗಿ ಬಂದು ಹೇಳ್ತೀನಿ.