ಅಮ್ಮ ಒತ್ತಿದ ಕೆಂಪು ಹೃದಯ

ಒಂದೂರಲ್ಲಿ ಒಬ್ಬಳು ಅಕ್ಕ ಇದ್ದಳು. ಪದವಿ ಮುಗಿಸಿ ಮನೆಯಲ್ಲಿದ್ದವಳು, ನಾಲ್ಕು ಜನರೆದುರು ಬಾಯಿ ಬಿಡದವಳು. ಅವಳಿಗೊಂದು ಸಣ್ಣ ಚಿಂತೆ. ತನ್ನನ್ನು ತಾನೇ ಮೆಲ್ಲಗೆ ಕೇಳಿಕೊಳ್ಳುತ್ತಿದ್ದಳು: ‘ತಂಗಿ ಸೋತು ಬಂದ ದಿನ ನನಗೆ ಊಟ ಯಾಕೆ ರುಚಿಸುತ್ತೆ?’

ನಗಬೇಡಿ. ನೋಡಿ, ಈ ಪ್ರಶ್ನೆ ನಮ್ಮೊಳಗೂ ಎದ್ದಿರುತ್ತದೆ. ಕೇಳಿಸದವರ ಹಾಗೆ ಇದ್ದುಬಿಟ್ಟಿರುತ್ತೇವೆ, ಅಷ್ಟೇ.

ತಂಗಿ ಸಿಂಚನ ಬ್ಯಾಸ್ಕೆಟ್‌ಬಾಲ್ ಆಡುವವಳು. ಅಪ್ಪ ಲಗೇಜ್ ಆಟೋ ಓಡಿಸುತ್ತಿದ್ದ. ಮನೆಗೆ ಬಂದ ಮೊಟ್ಟೆ ತಂಗಿಯ ತಟ್ಟೆಗೆ, ಸಾರು ಅಕ್ಕನ ತಟ್ಟೆಗೆ. ತಂಗಿಯ ಶೂ ಸದ್ದು ಕೇಳಿದರೆ ಅಮ್ಮ ಒಲೆ ಬಿಟ್ಟು ಬಾಗಿಲಿಗೆ ಓಡುವಳು. ಅಕ್ಕ ಬಂದರೆ ಒಳಗಿನಿಂದಲೇ, "ಚಿಲಕ ಹಾಕ್ಕೊಂಡು ಬಾರೆ."

ಜಿಲ್ಲಾ ಪಂದ್ಯದ ಕೊನೆಗೆ ಸಿಂಚನಾಳ ಎರಡು ಫ್ರೀ ಥ್ರೋ ತಪ್ಪಿದವು. ತಂಡ ಸೋತಿತು. ‘ನಮ್ಮೂರ ಹುಲಿ’ ಎಂದು ಕುಣಿದಿದ್ದ ಅಭಿಮಾನಿಗಳೇ ಫೋನಿನ ಗುಂಪಿನಲ್ಲಿ ಬೈದು ಬರೆಯಲು ಮುಗಿಬಿದ್ದರು. ಆ ಗುಂಪಿನಲ್ಲಿ ‘ನಿಜವಾದ ಅಭಿಮಾನಿ’ ಎಂಬ ಸುಳ್ಳು ಹೆಸರಿಟ್ಟುಕೊಂಡು ಅಕ್ಕನೂ ಒಂದು ಸಾಲು ಬರೆದಳು, ಇಂಗ್ಲಿಷ್ ಅಕ್ಷರದಲ್ಲಿ: ‘ಮನೆಯವರ ಅನ್ನ ದಂಡ. ಆಟ ಬಿಡು.’

ಅಮ್ಮನಿಗೆ ಆ ಅಕ್ಷರ ಬಾರದು. ಕಿರಿಮಗಳ ಬಗ್ಗೆ ಯಾರು ಏನು ಬರೆದರೂ ಅಕ್ಕನಿಂದ ಓದಿಸಿಕೊಳ್ಳುವಳು. ಒಳ್ಳೆಯ ಮಾತಾದರೆ ಕೆಂಪು ಹೃದಯ ಒತ್ತುವಳು, ಮನೆಗೆ ಬಂದವರಿಗೆ ಕುಂಕುಮ ಕೊಟ್ಟ ಹಾಗೆ.

"ಇದೇನಂತೆ?"

"ಚೆನ್ನಾಗಿ ಆಡ್ತಾಳೆ ಅಂತೆ."

"ಯಾರು ಹೆತ್ತ ಮಗುವೋ, ತಣ್ಣಗಿರ್ಲಿ." ಅಮ್ಮ ಒತ್ತಿದಳು.

ಸಂಜೆ ತಂಗಿ ಆ ಸಾಲು ಕಂಡಳು. ಕೆಳಗೆ ಅಮ್ಮನ ಹೃದಯ. ಕೋಚ್ ಕೊಡಿಸಿದ್ದ ಶೂ ಬಿಚ್ಚಿ ಚೀಲಕ್ಕೆ ಹಾಕಿದಳು.

"ನಾಳೆ ವಾಪಸ್ ಕೊಟ್ಬಿಡ್ತೀನಿ ಅಕ್ಕ. ಊರೋರು ಬೈದ್ರೆ ಬೈಲಿ. ಆದ್ರೆ ನೀನು ಓದಿ ಹೇಳ್ದೇ ಇದ್ರೆ ಅಮ್ಮ ಒತ್ತಲ್ಲ. ಅಮ್ಮಂಗೂ ಹಂಗೇ ಅನ್ಸಿದೆ."

ಅಕ್ಕ ಬಯಸಿದ್ದು ಇದನ್ನೇ ಅಲ್ಲವೇ? ಬಯಸಿದ್ದು ಕೈಗೆ ಬಂದಿತ್ತು. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಇಲ್ಲಿ ನಿಲ್ಲಿಸುತ್ತೇನೆ. ಈ ಸಭೆಯಲ್ಲಿ ಫೋನ್ ಇಲ್ಲದವರು ಯಾರಿದ್ದೀರಿ? ಯಾರದೋ ಮಗಳು ಸೋತಾಗ ನೀವು ಬರೆಯುವುದು ಆಟದ ಮಾತೋ, ನಿಮ್ಮ ಹೊಟ್ಟೆಕಿಚ್ಚಿನ ಮಾತೋ? ಇವತ್ತು ಮನೆಗೆ ಹೋದವರೇ ಆ ಸುಳ್ಳು ಹೆಸರು ಅಳಿಸಿ. ಎದುರು ನಿಂತು ಹೇಳಲಾಗದ್ದನ್ನು ಬರೆಯಬೇಡಿ. ನಿಮಗೆ ಸಿಗಬೇಕಾದ್ದು ಸಿಕ್ಕಿಲ್ಲವೇ? ಕೊಡಬೇಕಾದವರನ್ನೇ ಕೇಳಿ. ಕೇಳುವುದು ಕಷ್ಟ, ಬಲ್ಲೆ. ಆದರೂ ಕೇಳಿ.

ಆ ಅಕ್ಕ ಕೇಳಿದಳು. ತಂಗಿಯ ಕೈ ಹಿಡಿದು ಅಡುಗೆಮನೆಗೆ ಹೋದಳು.

"ಅಮ್ಮಾ, ನಾನು ಓದಿದ್ದು ಸುಳ್ಳು. ಅದು ಬೈಗುಳ. ಬರೆದಿದ್ದೂ ನಾನೇ. ಇವಳು ಬಂದ್ರೆ ಬಾಗಿಲಿಗೆ ಓಡ್ತೀಯಲ್ಲ... ನಂಗೂ ಒಂದ್ಸಲ ಓಡಿ ಬಾ, ಅಮ್ಮಾ."