ಹಣಿ ಒರಸಿದಾಕಿ

…ಬ್ಯಾಡ್ರಿ ಸೂಗಮ್ಮ ಆಯಿ, ಅಕಿನ್ನ ಒಳಗ ಕರೀಬ್ಯಾಡ್ರಿ. ಅಂಗಳದಾಗ ಕುಂಡರತಾಳ. ನಮ್ಮ ನಿರ್ಣಾದ ಹೊಲದಾಗ ಕೂಲಿ ಮಾಡಾಕಿ, ಗಿರಿಜಾಬಾಯಿ ಅಂತ. ಹುಮನಾಬಾದಕ್ಕ ಬಂದಿದ್ಳಂತ, ಹಂಗ ಕಲ್ಯಾಣದ ಬಸ್ ಹತ್ಯಾಳ. ಮನಿಯವ್ರು ರೊಟ್ಟಿಗಿ ಹಚಗೊಳ್ಳಾಕ ಶೇಂಗಾ ಹಿಂಡಿ ಕೊಟ್ಟು ಕಳಸ್ಯಾರ, ಅಷ್ಟ. ನನಗ ಖೋಲಿ ಕೊಟ್ಟ ತಪ್ಪಿಗಿ ನಮ್ಮೂರ ಮಂದಿಗೆಲ್ಲ ನೀವು ರೊಟ್ಟಿ ಹಾಕೋದೇನು?

ಯಾಕ ನಗಾಕತ್ತೀರಿ?

ಓ… ಅದನ್ನ ನೋಡಿದ್ರೇನು. ಹೌದ್ರಿ, ಒರಸಿದ್ಳು. ಸೆರಗಿಗಿ ಉಗುಳು ಹಚ್ಚಿ ನನ್ನ ಹಣಿ ಒರಸಿದ್ಳು. ಎಲ್ಲಿ ಬೂದಿ ಬಡಕೊಂಡಿ ಅಂದ್ಳು. ಅಕಿಗೇನ ಗೊತ್ತರಿ ವಿಭೂತಿ! ನಮ್ಮ ಕಡಿ ಕೂಲಿಯವ್ರು ಹಂಗ. ಧಣಿ ಮುಖಕ್ಕ ಏನರೆ ಹತ್ತಿದ್ರ ಒರಸಿಬಿಡತಾರ… ಎಲ್ಲಾರ್ದೂ ಅಲ್ರಿ. ಸಣ್ಣಾಂವ ಇದ್ದಾಗ ನನ್ನ ಎತ್ತಿ ಆಡಿಸ್ಯಾಳ, ಅದಕ.

ಈಗ್ಯಾಕ ನಗೋದು ಬಿಟ್ರಿ? ನಗ್ರಿ. ನಕ್ಕರನ ಛಲೋ ಇತ್ತು.

ಏನ್ ನೋಡಾಕತ್ತೀರಿ, ಮೂಗೇನು? ಅದು ನಮ್ಮೂರ ನೀರಿನ ಗುಣ, ಆಯಿ. ಎಲ್ಲಾರ ಮೂಗೂ ಹಿಂಗ.

…ತಾಟು ಕೆಳಗರೆ ಇಡ್ರಿ. ರೊಟ್ಟಿ ಆರತಾವ.

ನೋಡ್ರಿ, ಈ ಊರಿಗಿ ಬಂದಾಗ ಎಸ್‌ಟಿಡಿ ಬೂತಿನಾಗ ಕೆಲಸ ಸಿಕ್ತು, ಖೋಲಿ ಸಿಗಲಿಲ್ಲ. ಬಾಗಲದಾಗ ನಿಂತ ಕೂಡ್ಲೆ ಎಲ್ಲಾರ್ದೂ ಒಂದ ಸವಾಲ್, ಯಾರ ಪೈಕಿ? ರಾಜೀವ ಅಂದ್ರ ಸಾಲಂಗಿಲ್ಲ. ಮುಂದಿಂದೇನು ಅಂತಾರ. ಶರಣರ ಊರು, ಇಲ್ಲಿ ಯಾರೂ ಕೇಳಂಗಿಲ್ಲ ಅಂತ ಬಂದಿದ್ದೆ ನಾನು… ಕಡೀಕ ಗುಡಿ ಮುಂದ ಒಂದು ವಿಭೂತಿ ಗಟ್ಟಿ ತಗೊಂಡೆ, ಹಚಗೊಂಡು ನಿಮ್ಮ ಬಾಗಲಿಗಿ ಬಂದೆ. ನಾ ಸುಳ್ಳು ಹೇಳಿಲ್ರಿ. ನೀವು ಹಣಿ ನೋಡಿದ್ರಿ, ಚಾವಿ ಕೊಟ್ರಿ.

ಆವತ್ತಿಂದ ಆದತ್ ಆಗಿಬಿಟ್ಟದ. ಊರಿಗಿ ಹೋಗುವಾಗ ಹಾದ್ಯಾಗಿನ ರಾಜೇಶ್ವರ ಊರು ದಾಟಿದ ಮ್ಯಾಲ ಒರಸತೀನಿ, ಬರುವಾಗ ಅಲ್ಲೇ ಮತ್ತ ಹಚ್ತೀನಿ. ನಿರ್ಣಾದಾಗ ಕಲ್ಯಾಣದಾವ ಬಂದ ಅಂತಾರ. ಇಲ್ಲಿ ಹುಮನಾಬಾದ ಕಡಿಯಾವ ಅಂತಾರ. ಬಸ್ಸಿನಾಗ ಕುಂತಾಗಷ್ಟ ಯಾರೂ ಏನೂ ಅನ್ನಂಗಿಲ್ಲ. ಬರೋಬ್ಬರಿ ಟಿಕೇಟ್ ತಗೊಂಡ್ರ ಸಾಕು.

ಏನರೆ ಅನ್ರಿ ಆಯಿ. ಬೈರಿ. ಖೋಲಿ ಖಾಲಿ ಮಾಡು ಅನ್ರಿ. ಹಿಂಗ ತಾಟು ಹಿಡಕೊಂಡು ನಿಂತ್ರ ನನಗ ಅಂಜಿಕಿ ಬರತದ.

ಕೇಳಿದ್ರೇನು? ಅಂಗಳದಾಗಿಂದ ಒದರಾಕತ್ತಾಳ. 'ಧಣಿ, ನಾ ಹೊಂಟೇನ್ರಿ, ಬಸ್ಸಿಗಿ ಹೊತ್ತಾತು' ಅಂತ. ನನಗ 'ರಿ' ಅನ್ನಾಕತ್ತಾಳ. ಈಗ ಬಾಗಲದಾಗ ನಾನ ಕಲಿಸೀನಿ, ಹಿಂಗ ಅನ್ನು ಅಂತ. ಒಮ್ಮೆ ಹೇಳಿದ್ದಕ್ಕ ಕಲತ್ಳು. ಯಾಕ ಅಂತ ಸುದ್ದಾ ಕೇಳಲಿಲ್ಲ.

…ಕೂಲಿ ಮಾಡತಾಳ, ಅದು ಖರೆ. ಹೊಲ ನಮ್ದಲ್ಲ.

ನಾ ಯಾರ ಪೈಕಿ ಅಂತ ಆವತ್ತು ನೀವೊಬ್ರ ಕೇಳಲಿಲ್ಲ. ಈಗೂ ಕೇಳವಲ್ರಿ.

ಗಿರಿಜಾಬಾಯಿ ಪೈಕಿ ರಿ, ಆಯಿ.