ಹುಡುಕಿದೆ, ಸಿಗಲಿಲ್ಲ

…ಬೇಡ ಅನ್ಬ್ಯಾಡಿ ನರಸಿಂಹಣ್ಣ. ಮೊದ್ಲು ಈ ಕಾಗದ ಕೈಗೆ ತಗೊಳ್ಳಿ. ಇಲ್ಲ, ಇದು ಕಂಪ್ನಿಯವರ ನೋಟೀಸಲ್ಲ. ನಾನೇ, ಆಫೀಸಿನ ಕಂಪ್ಯೂಟರ್ ನೋಡ್ಕೊಳ್ಳೋ ನಿಮ್ಮ ಸುದರ್ಶನ, ಹೊಳೆನರಸೀಪುರದ ಬಸ್ಸು ಹತ್ತಿ ತಂದಿದೀನಿ. ಸುಂದರಕ್ಕ, ಕಾಫಿ ಅಲ್ಲೇ ಇಡಿ, ಕುಡೀತೀನಿ.

ಓದಿ ಅಣ್ಣ, ನೀವೇ ಬರ್ದಿದ್ದು. 'ಕೋಲ್ಡ್ ಸ್ಟೋರೇಜು ಕೆಟ್ಟು ಆರು ದಿನವಾಯಿತು. ಬಿತ್ತನೆ ಆಲೂಗಡ್ಡೆ ಕೊಳೆಯುತ್ತಿದೆ. ದಯವಿಟ್ಟು ರೈತರಿಗೆ ಕೊಡಬೇಡಿ.' ಎರಡು ಸಾವಿರದ ಐದನೇ ಇಸವಿ ಮೇ ತಿಂಗಳಲ್ಲಿ ಮ್ಯಾನೇಜರಿಗೆ ಕಳಿಸಿದ್ ಇ-ಮೇಲು. ವಿಚಾರಣೆಯಲ್ಲಿ 'ಬರ್ದಿದ್ದೆ, ಬರ್ದಿದ್ದೆ' ಅಂತ ಬಡ್ಕೊಂಡ್ರಲ್ಲ... ಬರ್ದಿದ್ರಿ ಕಣಣ್ಣ. ಬರ್ದಿದ್ರಿ.

ಯಾಕೆ ನಗ್ತೀರಾ? ...ನಗಿ, ನಗಿ. ಸುಳ್ಳುಗಾರ ಸ್ಟೋರ್‌ಕೀಪರ್ ಅಂತ ಕೆಲಸದಿಂದ ತೆಗೆದ್ರು. ಅರಕಲಗೂಡಿನ ಕಡೆ ಆ ಕೊಳೆತ ಬೀಜ ಬಿತ್ತಿ ಮೊಳಕೆ ಬರದೇ ಇದ್ದ ಹೊಲದೋರೆಲ್ಲ ನಿಮ್ಮ ಹೆಸರು ಹಿಡಿದು ಶಾಪ ಹಾಕಿದ್ರು. ನಿಮ್ಮ ಮಗಳು ಶ್ರೀಗೌರಿನ ನೋಡ್ಕೊಂಡು ಹೋಗಿದ್ದ ಚನ್ನರಾಯಪಟ್ಟಣದೋರು... ಬುಡಿ, ಅಕ್ಕನ ಮುಂದೆ ಅದು ಬ್ಯಾಡ.

ಎಲ್ಲಿತ್ತು ಅಂತ ತಾನೆ ನೋಡ್ತಿದೀರಾ? ಆರ್ಕೈವಲ್ಲೇ ಇತ್ತು. ಆಫೀಸಿನ ಇ-ಮೇಲ್ ಸಾಫ್ಟ್‌ವೇರಿನ ಒಳಗೇ ಬಂದಿತ್ತಲ್ಲ, ಹಳೇ ಪತ್ರ ಕೂಡಿಡೋದು... ಬೇರೆ ದುಡ್ಡು ಕೊಟ್ಟು ತರಿಸೋದೇ ಬೇಕಿರಲಿಲ್ಲ. ಒಳ್ಳೇದೇ ಅಣ್ಣ, ಇವತ್ತೂ ಹಂಗೇ ಅಂತೀನಿ. ಯಾರು ಅಳಿಸಿದ್ರೂ ಅದರ ಹತ್ರ ಒಂದು ಪ್ರತಿ ಉಳೀತಿತ್ತು. ಮ್ಯಾನೇಜರ್ರು ಅಳಿಸಿದ್ರಲ್ಲ, ಆದ್ರೂ ಉಳೀತು. ಒಂದು ಪದ ಕೊಟ್ರೆ ಸಾಕು, ಇಡೀ ಆಫೀಸಿನ ಪತ್ರ ಜಾಲಾಡಿ ಮುಂದೆ ಇಡ್ತಿತ್ತು. 'ಇದರ ಕೈಯಿಂದ ಏನೂ ತಪ್ಪಿಸ್ಕೊಳ್ಳಕ್ಕಾಗಲ್ಲ' ಅಂತ ಎಲ್ಲರೆದುರು ಹೇಳಿದ್ನಲ್ಲ, ನೀವೂ ಕೂತಿದ್ರಿ.

ಆದ್ರೆ ಅದಕ್ಕೆ ಕನ್ನಡ ಬರ್ತಿರಲಿಲ್ಲ ಅಣ್ಣ. ಆಗಿನ ಫಾಂಟಲ್ಲಿ ನೀವು ಆಲೂಗಡ್ಡೆ ಅಂತ ಕುಟ್ಟಿದ್ರೆ ನಮ್ಮ ಕಣ್ಣಿಗೆ ಆಲೂಗಡ್ಡೆ, ಅದಕ್ಕೆ ತಲೆಬುಡ ಇಲ್ಲದ ಇಂಗ್ಲಿಷ್ ಗುರುತು. ನಾನು ಹುಡುಕಿದ್ದು ಇಂಗ್ಲಿಷಲ್ಲಿ. ಏನೂ ಬರಲಿಲ್ಲ. 'ಹುಡುಕಿದೆ, ಸಿಗಲಿಲ್ಲ' ಅಂತ ವಿಚಾರಣೆಯವರಿಗೆ ಸಹಿ ಹಾಕಿ ಕೊಟ್ಟೆ.

ಇಂಗ್ಲಿಷಲ್ಲಿ ಬರಿಯಕ್ಕೆ ಒದ್ದಾಡ್ತಿದ್ದೋರಿಗೆ 'ಕನ್ನಡದಲ್ಲೇ ಬರೀರಿ ಅಣ್ಣ, ಯಾರು ಏನಂತಾರೆ' ಅಂತ ಆ ಫಾಂಟ್ ಹಾಕ್ಕೊಟ್ಟೋನೂ ನಾನೇ. ಊಟದ ಹೊತ್ತಲ್ಲಿ ಅಕ್ಕನ ಪುಳಿಯೋಗರೆ ತಿನ್ಕೊಂಡು, ಯಾವ ಅಕ್ಷರಕ್ಕೆ ಯಾವ ಕೀಲಿ ಅಂತ ತೋರಿಸ್ತಿದ್ದೆ...

ಹ್ಞಾಂ? ಹೋದ ವಾರ ಸಿಕ್ತು. ಹೋದ ವಾರ. ಹಳೇ ಪತ್ರ ಒಂದೊಂದೇ ತೆಗೆದು ನೋಡ್ತಿದ್ದೆ, ಕಣ್ಣಿಗೆ ಬಿತ್ತು. ನಾಳಿದ್ದು ಹಾಸನದ ಕೋರ್ಟಲ್ಲಿ ನಿಮ್ಮ ಕೇಸು, ಇದನ್ನ ವಕೀಲರಿಗೆ ಕೊಡಿ. ಹುಷಾರು, ಇದೊಂದೇ ಇರೋದು. ಮೂರು ವರ್ಷ ತುಂಬಿದ್ ಪತ್ರನ ಆರ್ಕೈವು ತಾನಾಗೇ ಅಳಿಸಿಹಾಕುತ್ತೆ. ನಿಮ್ಮದು ಹೋದ ತಿಂಗಳೇ ಅಳಿಸಿಹೋಯ್ತು...

ಏನಣ್ಣ?

ಅಲ್ಲ... ಹೋದ ವಾರ ಅಂದ್ರೆ, ಕಾಗದ ಸಿಕ್ಕಿದ್ದು. ಬೀರುವಿನಲ್ಲಿ. ಯಾರೋ ಇಟ್ಟಿದ್ರು ಅನ್ಸುತ್ತೆ... ಏನಾದ್ರೂ ಅನ್ನಿ. ಬೈರಿ. ಕಾಗದದ ಆ ಮೂಲೆ ಯಾಕೆ ನೋಡ್ತೀರಾ? ಅಲ್ಲೇನಿಲ್ಲ, ಪ್ರಿಂಟು ತೆಗೆದ ದಿನ ತಾನಾಗೇ ಬೀಳುತ್ತಲ್ಲ, ಆ ತಾರೀಖು...

ಬಸ್ಸಲ್ಲಿ ಆ ಮೂಲೆ ಮಡಿಸಿದ್ದೆ, ಹರಿಯಣ ಅಂತ. ಕೈ ಬರಲಿಲ್ಲ.

ಹೂಂ. ಎರಡು ಸಾವಿರದ ಐದು, ಆಗಸ್ಟು ಹದಿನೇಳು. ನಾನು ಸಹಿ ಹಾಕಿದ್ದು ಹದಿನೆಂಟಕ್ಕೆ. ಅವತ್ತೇ ತಾನೆ ನಿಮ್ಮನ್ನ ಮನೆಗೆ ಕಳಿಸಿದ್ದು?

ಹಿಂದಿನ ಸಂಜೆ ನಿಮ್ಮ ಫಾಂಟು ನೆನಪಾಯ್ತು. ಒಂದೊಂದೇ ತೆಗೆದು ನೋಡ್ದೆ, ಸಿಕ್ತು. ವಿಚಾರಣೆಗೆ ತಗೊಂಡೇ ಬಂದಿದ್ದೆ ಅಣ್ಣ, ಇದೇ ಕಾಗದ, ಜೇಬಲ್ಲಿತ್ತು. 'ಏನೂ ತಪ್ಪಿಸ್ಕೊಳ್ಳಲ್ಲ ಅಂದಿದ್ಯಲ್ಲ ಸುದರ್ಶನ್, ಏನಾದ್ರೂ ಸಿಕ್ತಾ?' ಅಂದ್ರು ಮ್ಯಾನೇಜರ್ರು. ಅವರ ಕಣ್ಣು ನೋಡ್ದೆ. ಕೆಲಸ ಹೋಗುತ್ತೆ ಅಂತ ಹೆದರ್ಕೊಂಡ್ಬುಟ್ಟೆ... ನೀವು ಎದುರು ಕುರ್ಚಿಯಲ್ಲಿ ಕೂತು ನನ್ನೇ ನೋಡ್ತಿದ್ರಿ. ಇವನು ಹೇಳ್ತಾನೆ ಅಂತ.

ಈಗ ಹಂಗೆ ನೋಡ್ಬ್ಯಾಡಿ ಅಣ್ಣ.

ಅಕ್ಕ... ಆ ಕಾಫಿ ಒಳಕ್ಕೆ ತಗೊಂಡು ಹೋಗಿ.